ಟಿಕ್ಕಿಗೂ ಟಕ್ಕಿಗೂ ನಡುವೆ

"ತೊಂಬತ್ತು ನಿಮಿಷದ ಕ್ಯಾಸೆಟ್ ಯಾವ ಮಹಾ ಮಾವ, ನಿಮ್ಮ ಇಡೀ ಅಂಗಡಿಯನ್ನೇ ಒಂದು ಸಿಡಿಯೊಳಗೆ ತುಂಬಿಸಿಕೊಡ್ತೀನಿ" ಎಂದು ಎದೆ ತಟ್ಟಿಕೊಂಡು ಹೇಳಿಬಿಟ್ಟೆ.

ನಮ್ಮ ಮಾವ ಐವತ್ತು ವರ್ಷ ಗಡಿಯಾರ ರಿಪೇರಿ ಮಾಡಿ, ಈಗ ಅಂಗಡಿ ಮುಚ್ಚಿ ನಮ್ಮಲ್ಲೇ ಇದ್ದಾರೆ. ಗಿರಾಕಿಯೊಬ್ಬ ರಿಪೇರಿಗೆ ಕೊಟ್ಟು ಮರೆತುಹೋದ ಗೋಡೆ ಗಡಿಯಾರದ ಕೆಳಗೆ ಹನ್ನೆರಡು ವರ್ಷ ಮಧ್ಯಾಹ್ನದ ನಿದ್ದೆ ಮಾಡಿದವರು ಅವರು. ಕೊನೆಗೊಂದು ದಿನ ಆ ಪುಣ್ಯಾತ್ಮನಿಗೆ ನೆನಪಾಗಿ, ಗಡಿಯಾರ ಒಯ್ಯಲು ಬಂದ. ಒಯ್ಯುವ ಮುನ್ನ ಮಾವ ಅದರ ಸದ್ದನ್ನು ಕ್ಯಾಸೆಟ್ಟಿಗೆ ತುಂಬಿಕೊಂಡರು. ಅದಿಲ್ಲದೆ ಅವರಿಗೆ ನಿದ್ದೆಯಿಲ್ಲ. ಈಗ ನೋಡಿದರೆ ಟೇಪ್ ರೆಕಾರ್ಡರ್ ದಿನಕ್ಕೊಂದು ಗೇಣು ಟೇಪು ಜಗಿಯುತ್ತಿತ್ತು.

ಎಲ್ಲವನ್ನೂ ಕಂಪ್ಯೂಟರಿಗೆ ಇಳಿಸಿದ ಮೇಲೆ ಗೊತ್ತಾಯಿತು: ಒಂದು ಸಿಡಿ ಹಿಡಿಸುವುದು ಎಂಬತ್ತೇ ನಿಮಿಷ.

"ಎರಡು ಸಿಡಿ ತಗೊಂಡ್ರೆ ಆಯ್ತಲ್ಲ" ಎಂದಳು ಹೆಂಡತಿ.

"ಒಂದು ಅಂದಿದ್ದೀನಿ. ಮಾತು ಅಂದ್ರೆ ಮಾತು."

"ನಿಮ್ಮ ಮಾತು ಸಿಡಿಗೆ ಗೊತ್ತಿರಬೇಕಲ್ಲ."

ನಾನು ತಲೆ ಓಡಿಸಿದೆ. ಟಿಕ್ಕಿಗೂ ಟಕ್ಕಿಗೂ ನಡುವೆ ಏನಿದೆ? ಏನೂ ಇಲ್ಲ! ಏನೂ ಇಲ್ಲದ್ದಕ್ಕೆ ಜಾಗ ಯಾಕೆ? ಪ್ರತಿ ಸಂದಿನಿಂದ ಒಂದೊಂದು ಚೂರು ಕತ್ತರಿಸುವಂತೆ ಕಂಪ್ಯೂಟರಿಗೆ ಅಪ್ಪಣೆ ಕೊಟ್ಟೆ. ಎಂಬತ್ತು ನಿಮಿಷಕ್ಕೆ ಅಚ್ಚುಕಟ್ಟಾಗಿ ಕೂತಿತು. ಕಾಲವನ್ನೇ ಕತ್ತರಿಸಿದ ಪ್ರಪಂಚದ ಮೊದಲ ಅಳಿಯ ನಾನು ಎಂದು ಬೀಗಿದೆ.

ಭಾನುವಾರ ಊಟವಾದ ಮೇಲೆ ಮಾವ ಮಲಗಿದರು. ಸಿಡಿ ಹಾಕಿದೆ. ಐದು ನಿಮಿಷಕ್ಕೆ ಅವರ ಕಣ್ಣು ತೆರೆಯಿತು. ಹತ್ತಕ್ಕೆ ಎದ್ದು ಕೂತರು. ಆಮೇಲೆ ಕೈಗಡಿಯಾರ ಬಿಚ್ಚಿ ಮುಂದಿಟ್ಟುಕೊಂಡು ಕೊನೆಯವರೆಗೂ ಕೇಳಿದರು.

"ಅಳಿಯಂದ್ರೇ, ಹನ್ನೊಂದು ಹೊಡೆದು ಹನ್ನೆರಡು ಹೊಡೆಯೋಕೆ ಐವತ್ಮೂರೇ ನಿಮಿಷ. ನಿಮ್ಮ ಮಿಷನ್ನು ಫಾಸ್ಟ್ ಇದೆ" ಎಂದವರೇ ಸ್ಕ್ರೂಡ್ರೈವರ್ ತಂದು ನನ್ನ ಹೊಸ ಸಿಡಿ ಪ್ಲೇಯರ್ ಬಿಚ್ಚತೊಡಗಿದರು. ನಾಲ್ಕನೇ ಸ್ಕ್ರೂ ಹೊರಬಂದಾಗ ನನ್ನ ಜೀವವೂ ಹೊರಬಂದಂತಾಗಿ ನಿಜ ಒಪ್ಪಿಕೊಂಡೆ.

ಮಾವ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಟಿಕ್ಕು, ಟಕ್ಕು ಎರಡನ್ನೂ ಗಡಿಯಾರ ತಾನಾಗೇ ಅನ್ನತ್ತೆ. ನಡುವಿಂದು ಸರಿ ಇರ್ಲಿ ಅಂತ ತಾನೇ ಜನ ಐವತ್ತು ವರ್ಷ ನನ್ನ ಹತ್ರ ಬಂದಿದ್ದು?"

ನನಗೆ ನಿಜಕ್ಕೂ ನಾಚಿಕೆಯಾಯಿತು.

"ಕತ್ತರಿಸಿದ ಹತ್ತು ನಿಮಿಷ ಎಲ್ಲಿಟ್ಟಿದ್ದೀರಿ? ಅಪ್ಪಂಗೆ ವಾಪಸ್ ಕೊಡಿ" ಎಂದಳು ಹೆಂಡತಿ.

ಕೊಟ್ಟೆ. ಈಗ ಕತ್ತರಿಸದ ಸದ್ದು ಎರಡು ಸಿಡಿಯಲ್ಲಿ: ಒಂದರಲ್ಲಿ ಎಂಬತ್ತು ನಿಮಿಷ, ಇನ್ನೊಂದರಲ್ಲಿ ಹತ್ತು. ಮೊದಲನೆಯದು ಮುಗಿದು ಸದ್ದು ನಿಂತರೆ ಮಾವನಿಗೆ ತಟ್ಟನೆ ಎಚ್ಚರ. ಹಾಗಾಗಿ ಭಾನುವಾರಗಳಂದು ಎರಡನೇ ಸಿಡಿ ಹಿಡಿದು ಅವರ ಮಂಚದ ಪಕ್ಕ ಕಾವಲು ಕೂರುವುದು ನನ್ನ ಕೆಲಸವಾಯಿತು.

ಮೊನ್ನೆ ಕೂತಲ್ಲೇ ನನಗೂ ಜೊಂಪು ಹತ್ತಿತು. ಒಳ್ಳೆಯ ನಿದ್ದೆ. ಕಣ್ಣು ಬಿಟ್ಟರೆ ಮಾವ ಮಂಚದ ಮೇಲೆ ಎದ್ದು ಕೂತು ನನ್ನನ್ನೇ ನೋಡುತ್ತಿದ್ದರು.

"ಸಿಡಿ ನಿಂತು ಹತ್ತು ನಿಮಿಷ ಆಯ್ತು ಅಳಿಯಂದ್ರೇ. ನಿಮ್ಮ ನಿದ್ದೆ ಕೆಡಬಾರ್ದು ಅಂತ ನಾನೇ ಬಾಯಲ್ಲಿ ಟಿಕ್ ಟಕ್ ಅಂತಿದ್ದೆ."