ಮಿದುಳಿಗೂ ಬೇಕು ನೆರೆ

ನಾನು ಸಿಟ್ಟಿನಿಂದ ಬಾಯಿ ತೆರೆದಾಗಲೆಲ್ಲ ಯಾರಾದರೊಬ್ಬರು ನಗಿಸಿಬಿಡುತ್ತಾರೆ, ಇವತ್ತಿಗೂ ತಪ್ಪಿಲ್ಲ. ಸ್ವಾತಂತ್ರ್ಯ ಬರುವ ಮೊದಲಿನ ಆ ವರ್ಷಗಳಲ್ಲಿ ನನ್ನದು ಒಂದೇ ಜಗಳ: ಕೇರಿಯ ಮಕ್ಕಳನ್ನು ಶಾಲೆಯ ಜಗಲಿಯಿಂದ ಎಬ್ಬಿಸಿ ಒಳಗೆ ಕೂರಿಸಬೇಕು. "ಬುದ್ಧಿ ಹುಟ್ಟಿನಿಂದ ಬರೋದು" ಎಂದು ದೊಡ್ಡವರು ಬಾಗಿಲು ಹಾಕುತ್ತಿದ್ದರು. ಆಗ ಚನ್ನಗಿರಿಯ ಡಾಕ್ಟರೊಬ್ಬರು, ಅವರ ಹೊಟ್ಟೆ ತಣ್ಣಗಿರಲಿ, ಇಂಗ್ಲಿಷ್ ಪುಸ್ತಕವೊಂದನ್ನು ಬಿಡಿಸಿ ಹೇಳಿದರು. ಕಪ್ಪೆಯ ಭ್ರೂಣದಲ್ಲಿ ಅಡಿಯ ಪದರ ಸೂಚನೆ ಕೊಟ್ಟರೆ ಮೇಲಿನ ಪದರ ಮಿದುಳಾಗುತ್ತದೆ. ಕೊಡದಿದ್ದರೆ ಅದೇ ಪದರ ಬರೀ ಚರ್ಮವಾಗುತ್ತದೆ. ಬೀಜದ ಗುಣವೂ ಬೇಕು, ನೆರೆಯೂ ಬೇಕು. ನನಗೆ ಅಷ್ಟು ಸಾಕಾಯಿತು, ಊರೂರಿಗೆ ಭಾಷಣಕ್ಕೆ ಹೊರಟೆ.

ಚನ್ನಗಿರಿ

ಭಾಷಣದಲ್ಲಿ ತೋರಿಸಲೆಂದು ಕೆರೆಯಿಂದ ಕಪ್ಪೆಮೊಟ್ಟೆ ತಂದು, ನನಗೆ ಊಟ ಹಾಕುತ್ತಿದ್ದ ಅಜ್ಜಿಯ ಬೋಗುಣಿಯಲ್ಲಿಟ್ಟೆ. ಒಂದು ಬೆಳಗ್ಗೆ ಅಡುಗೆಮನೆಯಿಂದ ಚೀರಾಟ.

"ಏನಾತಜ್ಜೀ?"

"ಪಾಯಸ ಮಾಡಾಕೆ ಬೆಲ್ಲ ಜಜ್ಜಿಟ್ಟಿದ್ದೆ ಕಣಪ್ಪ. ನಿನ್ನ ಸಬ್ಬಕ್ಕಿ ಬಾಲ ಆಡಿಸ್ತಾ ಐತೆ!"

ಆದರೂ ಊಟ ನಿಲ್ಲಿಸಲಿಲ್ಲ, ಪುಣ್ಯಾತ್ಗಿತ್ತಿ. ಪಾಯಸ ಬಡಿಸಿದಾಗಲೆಲ್ಲ ನಾನೇ ಬಗ್ಗಿ ನೋಡುತ್ತಿದ್ದೆ.

ಹೊನ್ನಾಳಿ

ಹೊಳೆದಂಡೆಯಲ್ಲಿ ನಿಂತು ಗುಡುಗಿದೆ: "ನೆರೆ ಇಲ್ಲದೆ ಮಿದುಳಿಲ್ಲ! ಒಳ್ಳೆಯ ನೆರೆ ಬಂದರೆ ಒಳ್ಳೆಯ ಮಿದುಳು!"

ದೋಣಿ ನಡೆಸುವವನೊಬ್ಬ ಎದ್ದು ನಿಂತ. "ಸ್ವಾಮಿ, ಹೋದ ಮಳೆಗಾಲ ಭಾರಿ ನೆರೆ ಬಂದು ನನ್ನ ಗುಡಿಸಲು ಎತ್ಕೊಂಡು ಹೋತು. ಮಿದುಳು ಮಾತ್ರ ಎಲ್ಲೂ ಬಿಟ್ಟುಹೋಗಿಲ್ರಿ."

ಅವನ ಉಪಕಾರ ದೊಡ್ಡದು. ಮರುದಿನ ನ್ಯಾಮತಿಯಲ್ಲಿ "ಪಕ್ಕದವರು" ಎಂದೆ. ಯಾರೂ ಸಾಮಾನು ಅಟ್ಟಕ್ಕೇರಿಸಲಿಲ್ಲ.

ಜಗಳೂರು ಕಡೆ

ಅಲ್ಲಿಯ ಒಂದು ಹಳ್ಳಿಯ ಗೌಡರು ನನ್ನ ಮಾತು ಪೂರ್ತಿ ಕೇಳಿದರು. "ಅಂದ್ರೆ, ಪಕ್ಕದಾಗೆ ಸರಿಯಾದೋರು ಇದ್ರೆ ಮಿದುಳು ಬಲೀತೈತೆ ಅಂತೀರಿ?"

"ಅದು ಭ್ರೂಣದ ಮಾತು ಗೌಡ್ರೇ. ಮಕ್ಕಳಿಗೂ ಸಹವಾಸ ಬೇಕು ಅಂತ ನಾನು ಹೇಳೋದು."

"ನನ್ನ ಮಗ ಒಂದೇ ಕ್ಲಾಸಿನಾಗೆ ಬೇರು ಬಿಟ್ಟಾನೆ. ಜಗಲಿ ಮ್ಯಾಲೆ ಕೂತು ಗಡಗಡ ಮಗ್ಗಿ ಹೇಳ್ತಾಳಲ್ಲ, ಆ ಹುಡುಗೀನ ಒಳಗೆ ಕರೀರಿ. ಇವನ ಪಕ್ಕ ಕೂರಿಸ್ರಿ! ಉಳಿದೋರೂ ಬರ್ಲಿ."

ಕೇರಿಯ ಮಕ್ಕಳೆಲ್ಲ ಒಳಗೆ ಹೋದರು. ಬೈಯಲೆಂದು ಕೂಡಿಟ್ಟಿದ್ದ ಮಾತೆಲ್ಲ ನುಂಗಿ ಗೌಡರಿಗೆ ಕೈಮುಗಿದೆ, ಕಣ್ಣು ತುಂಬಿತ್ತು. ಅಷ್ಟರಲ್ಲಿ, ದೂರ ನಿಂತು ನನ್ನ ಕಪ್ಪೆಯ ಭಾಷಣವನ್ನೆಲ್ಲ ಕೇಳಿದ್ದ ಆ ಹುಡುಗಿಯ ತಾಯಿ ಏದುಸಿರು ಬಿಡುತ್ತ ಓಡಿಬಂದಳು.

"ಅಣ್ಣಾ, ಒಳಗೆ ಕೂರ್ಲಿ, ಬ್ಯಾಡ ಅನ್ನಲ್ಲ. ಆದ್ರೆ ಆ ಹುಡುಗನ ಪಕ್ಕ ಮಾತ್ರ ಬ್ಯಾಡ! ನನ್ನ ಮಗಳ ಮಿದುಳೂ ಚರ್ಮ ಆಗಿಬಿಟ್ರೆ?"