ಕಷ್ಟ ವಾಪಸ್ಸು ಕೊಡುವ ನಮ್ಮತ್ತೆ

ಕಪಿಲೆಯಲ್ಲಿ ಮುಳುಗಿ ಕಷ್ಟ ಕಳೆದುಕೊಂಡವರ ಹಿಂದೆಯೇ ಓಡಿ, ಆ ಕಷ್ಟವನ್ನು ಹಿಂಡಿ, ಮಡಿಸಿ, ಅವರ ಕೈಗೇ ವಾಪಸ್ಸು ಕೊಡುವ ಮಹಾತಾಯಿಯನ್ನು ನೀವು ನೋಡಿದ್ದೀರಾ? ನಂಜನಗೂಡಿಗೆ ಬನ್ನಿ. ನನ್ನ ಸೋದರತ್ತೆ ಸಿಗುತ್ತಾಳೆ. ಬೇಡವೆಂದರೂ ಸಿಗುತ್ತಾಳೆ!

ಮಿಂದ ಬಟ್ಟೆಯನ್ನು ಹೊಳೆಯಲ್ಲೇ ಬಿಟ್ಟರೆ ಅದರ ಜೊತೆ ಕಷ್ಟವೂ ತೇಲಿಹೋಗುತ್ತದೆಂದು ಎಲ್ಲೆಲ್ಲಿಂದಲೋ ಬಂದವರ ನಂಬಿಕೆ. ಕಷ್ಟ ತೇಲುತ್ತದೋ ಇಲ್ಲವೋ, ಬಟ್ಟೆಯಂತೂ ಮುಳುಗಿ, ಆಮೇಲೆ ಇಳಿದವರ ಕಾಲಿಗೆ ಸುತ್ತಿಕೊಳ್ಳುತ್ತದೆ. ಅತ್ತೆಯ ಮನೆ ಸ್ನಾನಘಟ್ಟದ ಮೇಲುಗಡೆಯೇ. ಬೆಳಗಾದರೆ ಕೊಕ್ಕೆ ಕಟ್ಟಿದ ಬಿದಿರಿನ ಗಳು ಹಿಡಿದು ಹಾಜರ್!

ಒಮ್ಮೆ ಕಾರು ಹತ್ತುತ್ತಿದ್ದ ದೊಡ್ಡ ಮನುಷ್ಯರೊಬ್ಬರನ್ನು ಅಡ್ಡಗಟ್ಟಿದಳು.

"ಸಾ, ಪಂಚೆ ಮರ್ತ್ ಓಯ್ತಿದ್ದೀರಿ!"

"ಮರೆತಿಲ್ಲಮ್ಮ, ಬಿಟ್ಟದ್ದು. ಶನಿಕಾಟ."

"ನಿಮ್ ಶನಿಕಾಟನ ನಾನ್ಯಾಕ್ ಇಟ್ಕಳ್ಳಿ? ನಮ್ಮನೇಲಿ ಆಗ್ಲೇ ಒಬ್ರವ್ರೆ!"

ಪಕ್ಕದ ಟೀ ಅಂಗಡಿಯಲ್ಲಿದ್ದ ನಮ್ಮ ಮಾವ ಲೋಟದೊಳಗೆ ಮುಖ ಹುದುಗಿಸಿದರು.

"ಎಲ್ಲಿಗೋ ತೇಲ್ಕೊಂಡ್ ಹೋಗುತ್ತೆ, ಬಿಡತ್ತೆ," ಅಂದೆ ನಾನು.

"ಎಲ್ಲಿಗ್ ಓಯ್ತದೆ? ಸೀದಾ ನರಸೀಪುರಕ್ಕೆ! ತವರಿಗೆ ಊರೋರ ಚಡ್ಡಿ ಕಳಿಸೋಳೇನ್ಲಾ ನಾನು?"

ಕಪಿಲೆ ಹೋಗಿ ಕಾವೇರಿಯನ್ನು ಸೇರುವ ಅದೇ ಟಿ. ನರಸೀಪುರದಲ್ಲಿ ದಿನವೂ ಮೀಯುವ ನಾನೇ ಪಂಚೆ ಹಿಂಡತೊಡಗಿದೆ!

ಅಷ್ಟರಲ್ಲಿ ಯಾತ್ರಿಕನೊಬ್ಬನ ಕಾಲಿಗೆ ಸೀರೆ ಸುತ್ತಿಕೊಂಡು, ಪ್ರಾಣ ಉಳಿದದ್ದೇ ಹೆಚ್ಚಾಯಿತು. ಅಧಿಕಾರಿಯೊಬ್ಬರು ಬಂದು, ಘಟ್ಟಕ್ಕೆ ಬೇಲಿ ಹಾಕುತ್ತೇವೆ, ಇನ್ನು ಯಾರೂ ನೀರಿಗಿಳಿಯುವಂತಿಲ್ಲ ಎಂದರು. ಅತ್ತೆ ಬಿಟ್ಟಾಳೆಯೇ?

"ಒಳೆ ನೋಡಕ್ ಬಂದೋರ್ಗೆ ತಂತಿ ತೋರಿಸ್ತೀರಾ? ಉಣ್ಣಿಮೆ ದಿನ ಬನ್ನಿ ಸಾ. ನೀರಲ್ಲಿ ಒಂದ್ ಚಿಂದಿ ಕಂಡ್ರೂ ಬೇಲಿ ಹಾಕಿ. ಕಂಬದ ಗುಂಡಿ ನಾನೇ ತೋಡ್ಕೊಡ್ತೀನಿ!"

ಹುಣ್ಣಿಮೆಯ ಬೆಳಗ್ಗೆ ಏನು ಜನ, ಏನು ಜನ! "ಅದ್ದಿ, ಇಂಡಿ, ಎತ್ಕೊಂಡ್ ಓಗಿ!" ಎಂದು ಅತ್ತೆ ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡಳು. ಮಾವನೂ ಕೂಗಿದರು. ಮದುವೆಯಾದ ಮೇಲೆ ಅವರ ದನಿ ಕೇಳಿದ್ದು ಊರಿಗೆ ಅದೇ ಮೊದಲು! ಘಟ್ಟ ತೊಳೆದ ಕನ್ನಡಿಯಂತಿತ್ತು. ಅಧಿಕಾರಿ ಮೆಟ್ಟಿಲಿಳಿದು ಬಂದರು.

ಆಗಲೇ ಕಂಡದ್ದು: ಸೊಂಟಮಟ್ಟದ ನೀರಿನಲ್ಲಿ ನಿಂತ ಒಬ್ಬ ಮುದುಕ, ಕೈಯಲ್ಲಿ ಹಸಿರು ಸೀರೆ.

"ಅಣ್ಣ, ಬಿಡ್ಬ್ಯಾಡ!"

"ನಮ್ಮೋಳ್ದು ಕಣವ್ವ. ತೀರ್ಕೊಂಡ್ ಓಗ್ಬುಟ್ಳು. ಇದು ಮನೇಲಿದ್ರೆ ನಿದ್ದೆ ಬರಕಿಲ್ಲ."

ಅಧಿಕಾರಿ ನೋಡುತ್ತಿದ್ದರು. ಸೀರೆ ಕೈಬಿಟ್ಟರೆ ಘಟ್ಟವೂ ಕೈಬಿಟ್ಟಂತೆಯೇ. ಅತ್ತೆ ಬಿದಿರ ಗಳುವನ್ನು ಕೆಳಗಿಟ್ಟು ನೀರಿಗಿಳಿದಳು.

"ಒಂದ್ ತುದಿ ನಂಗೆ ಕೊಡಣ್ಣ."

ಇಬ್ಬರೂ ಸೀರೆಯನ್ನು ಹರಿವಿಗೆ ಒಡ್ಡಿ ಹಿಡಿದರು. ಮುದುಕ ಅಳುವಷ್ಟು ಹೊತ್ತೂ ನೀರು ಅದರ ಮೇಲೆ ಹರಿಯಿತು.

"ಓಗ್ಬೇಕಾದ್ದು ಓಯ್ತು. ಸೀರೆ ನಿನ್ ತಾವೇ ಇರ್ಲಿ."

ಹಿಂಡಿ, ಮೆಟ್ಟಿಲ ಮೇಲೆ ಹರವಿದರು.

"ಏನಮ್ಮ ಇದು?" ಅಧಿಕಾರಿ ಕೇಳಿದರು.

"ಕಸ ಅಲ್ಲ ಸಾ. ಒಣಗ್ತಾ ಅದೆ."

ಗಾಳಿ ಬೀಸಿ ಸೆರಗು ಹೊಳೆಯ ಕಡೆಗೆ ಹಾರಿತು. ಅಧಿಕಾರಿ ತಟಕ್ಕನೆ ಬಗ್ಗಿ ಹಿಡಿದುಕೊಂಡರು. ಬೇಲಿಯ ಮಾತನ್ನು ಅವರು ಎತ್ತಲಿಲ್ಲ. ಮುದುಕನ ಪಕ್ಕದಲ್ಲೇ ಕುಳಿತು, ಸೀರೆ ಒಣಗುವ ತನಕ ಸೆರಗನ್ನು ಬಿಡಲೂ ಇಲ್ಲ.