ಬಲಗಡೆಯ ಕಾಂದಾ

ಜಗತ್ತಿನಲ್ಲಿ ಕೆಲಸ ಮಾಡುವವರದು ಒಂದು ಪಂಗಡ, ಮಾಡಿದ ಕೆಲಸವನ್ನು ಬರೆದಿಡುವವರದು ಇನ್ನೊಂದು ಪಂಗಡ. ದೇವರು ನನ್ನನ್ನು ಮೊದಲನೆಯ ಪಂಗಡದಲ್ಲಿ ಹುಟ್ಟಿಸಿ, ಎರಡನೆಯ ಪಂಗಡದ ಪೆನ್ನನ್ನು ಕೈಗೆ ಕೊಟ್ಟು ಮಜಾ ನೋಡುತ್ತಿದ್ದಾನೆ. ನಾನು ಇಚಲಕರಂಜಿಯಲ್ಲಿ ಫಿಜಿಯೋಥೆರಪಿಸ್ಟ್. ಮಗ್ಗಗಳ ಖಟಖಟ ನಿಲ್ಲದ ಒಂದು ಓಣಿಯಲ್ಲಿ ನನ್ನ ಕ್ಲಿನಿಕ್ಕು. ಹಿಡಿದುಕೊಂಡ ಸೊಂಟ, ಸೆಟೆದ ಕುತ್ತಿಗೆ, ಮೇಲೇಳದ ತೋಳು ಇವನ್ನೆಲ್ಲ ಕೈಯಿಂದ ತಿಕ್ಕಿ, ಎಳೆದು, ಒತ್ತಿ ಸಡಿಲ ಮಾಡುವುದು ನನ್ನ ಕೆಲಸ. ಕರೆಂಟಿನ ಮಷಿನ್ನೂ ಒಂದಿದೆ. ಅದರ ಸುಖವೇ ಬೇರೆ. ಹತ್ತು ನಿಮಿಷ ಆದ ಕೂಡಲೇ ತಾನಾಗಿಯೇ ಕುಂಯ್ ಅನ್ನುತ್ತದೆ. 'ಮಷಿನ್, ಹತ್ತು ನಿಮಿಷ' ಎಂದು ಬಿಲ್ಲಿನಲ್ಲಿ ಬರೆದರೆ ಯಾರದೂ ತಕರಾರಿಲ್ಲ. ನನ್ನ ಕೈ ಮಾತ್ರ ಕುಂಯ್ ಅನ್ನುವುದಿಲ್ಲ ನೋಡಿ. ಅದಕ್ಕೇ ಕೈಯಿಂದ ಮಾಡಿದ ಚಿಕಿತ್ಸೆಗೆ ವಿಮಾ ಕಂಪನಿಯವರದು ನೂರೆಂಟು ಪ್ರಶ್ನೆ. ಯಾವ ಭಾಗ, ಎಡವೋ ಬಲವೋ, ಎಷ್ಟು ನಿಮಿಷ, ಏನು ಮಾಡಿದಿರಿ, ಮಾಡಿದ್ದರಿಂದ ಏನಾಯಿತು? ಬರೆದಿಡದಿದ್ದರೆ ನಾನು ಕೈಯನ್ನೇ ಹಚ್ಚಿಲ್ಲ ಎಂದು ಅರ್ಥ.

ಎಣ್ಣೆಗೈಯಲ್ಲಿ ಪೆನ್ನು ಹಿಡಿದರೆ ಜಾರುತ್ತದೆ. ಹಾಗಾಗಿ ಹೇಳಿದ್ದನ್ನೆಲ್ಲ ತಾನೇ ಬರೆದುಕೊಳ್ಳುವ ಸೌಲಭ್ಯವನ್ನು ನನ್ನ ಫೋನಿನಲ್ಲಿ ಕಂಡಾಗ ಅದಕ್ಕೆ ಕೈ ಮುಗಿಯುವುದೊಂದು ಬಾಕಿ ಇತ್ತು. ವಿಮೆಯವರ ಕಚೇರಿ ಪುಣೆಯಲ್ಲಿ, ಹೀಗಾಗಿ ಮರಾಠಿಯಲ್ಲಿ ಹೇಳತೊಡಗಿದೆ. ಮರಾಠಿ ನನಗೆ ಹೊಸದೇನಲ್ಲ. ನಾನು ಗಡಹಿಂಗ್ಲಜದವನು; ಮನೆಯಲ್ಲಿ ಕನ್ನಡ, ಸಾಲೆಯಲ್ಲಿ ಮರಾಠಿ. ಆದರೆ ನಮ್ಮ ಮನೆತನದ ನಾಲಿಗೆಗೂ ಮಹಾಪ್ರಾಣಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ನಮ್ಮಪ್ಪನಿಗೆ ಖುರ್ಚಿ ಎಂದೂ ಕುರ್ಚಿಯೇ, ಘೋಡಾ ಎಂದೂ ಗೋಡಾ. ಸಾಲೆಯ ಗುರುಜಿ ನನ್ನ ಅಂಗೈಯನ್ನು ನನ್ನದೇ ಬಾಯಿಯ ಮುಂದೆ ಹಿಡಿಸಿ, "ಖ ಅಂದಾಗ ಕೈಗೆ ಗಾಳಿ ಬಡಿಯಬೇಕು" ಎನ್ನುತ್ತಿದ್ದರು. ಗಾಳಿ ಎಂದೂ ಬಡಿಯಲಿಲ್ಲ, ಅವರ ಅಡಿಪಟ್ಟಿ ಮಾತ್ರ ದಿನಾ ಬಡಿಯಿತು. ದೊಡ್ಡವನಾದ ಮೇಲೆ ಇದನ್ನೆಲ್ಲ ಕೇಳುವವರು ಯಾರು ಎಂದು ನಾನು ನಿಶ್ಚಿಂತನಾಗಿದ್ದೆ.

ಅಂಥ ಹೊತ್ತಿನಲ್ಲಿ ನೀಲವ್ವ ಬಂದರು, ಓಣಿಗೆಲ್ಲ ಕಾಕು, ಅಂದರೆ ಚಿಕ್ಕಮ್ಮ. ಅರವತ್ತರ ಹತ್ತಿರದ ಗಟ್ಟಿ ಹೆಂಗಸು. ಮಗ ಕೊಲ್ಹಾಪುರದ ಫೌಂಡ್ರಿಯಲ್ಲಿದ್ದಾನೆ, ಅವನ ಕಂಪನಿಯ ವಿಮೆಯಲ್ಲಿ ತಾಯಿಯ ಹೆಸರೂ ಇದೆ. ಬಲಗಡೆಯ ಭುಜ ಬಿಗಿದು ತೋಳು ಮೇಲೆ ಏಳುತ್ತಲೇ ಇರಲಿಲ್ಲ. ಎಲ್ಲಿ ನೋಯುತ್ತದೆ ಎಂದು ಕೇಳಿದರೆ ನೋವಿನ ಸುದ್ದಿಯನ್ನೇ ಎತ್ತಲಿಲ್ಲ.

"ಡಾಕ್ಟರ್ರ, ನನ್ನ ತುರುಬು ನಾನ ಕಟ್ಕೊಳ್ಳಂಗ ಮಾಡ್ರಿ, ಅಷ್ಟ ಸಾಕು. ಸೊಸಿ ಕಟ್ಟತಾಳ, ಇಲ್ಲಾ ಅನ್ನಂಗಿಲ್ಲ. ಆದ್ರ ಆಕಿ ಕಟ್ಟಿದ್ರ ಈ ವಯಸ್ಸಿನ್ಯಾಗ ಸಾಲಿಗಿ ಹೊಂಟ ಹುಡಿಗಿ ಕಂಡಂಗ ಕಾಣ್ತೇನ್ರಿ!"

ನೋಡಿದೆ. ಬೆನ್ನ ಮೇಲೆ ನಿಜಕ್ಕೂ ಕೆಂಪು ರಿಬ್ಬನ್ನಿನ ಜಡೆ ಇತ್ತು. ನಗು ಬಂತು, ನುಂಗಿಕೊಂಡೆ. ದಿನಾ ಹದಿನೈದು ನಿಮಿಷ ಭುಜ ತಿಕ್ಕಿ ಎಳೆದೆ. ತಿಕ್ಕಿದ್ದನ್ನು ಫೋನಿಗೆ ಹೇಳಿದೆ. ಫೋನು ಬರೆದಿದ್ದನ್ನು ಓದದೆ ಕಳಿಸಿದೆ. ಹದಿನಾಲ್ಕು ಸಲದ ಮಂಜೂರಾತಿ ಮುಗಿಯಿತು. ಇನ್ನೂ ಆರು ಸಲ ಬೇಕೆಂದು ಅರ್ಜಿ ಹಾಕಿದೆ. ಮರುದಿನ ಕಾಕು ಮಂಚದ ಮೇಲೆ ಕೂತಿದ್ದಾಗಲೇ ಪುಣೆಯಿಂದ ಫೋನು ಬಂತು. ಕಡತ ತಪಾಸಣೆ ಮಾಡುವ ಹೆಂಗಸು, ಮರಾಠಿಯ ಮರ್ಯಾದೆಯಲ್ಲಿ ಹೇಳುವುದಾದರೆ ಬಾಯಿ; ದನಿಯಲ್ಲೇ ಕನ್ನಡಕ ಕಾಣಿಸುತ್ತಿತ್ತು.

"ಡಾಕ್ಟರ್, ನೀವು ಪೇಶಂಟಿನ ಕಾಂದಾ ತಿಕ್ಕಿದ್ದೀರಾ?" ಎಂದು ಮರಾಠಿಯಲ್ಲಿ ಕೇಳಿದರು.

"ಹೌದು, ದಿನಾ ಹದಿನೈದು ನಿಮಿಷ" ಎಂದೆ, ಎದೆಯುಬ್ಬಿಸಿ.

ಆ ಬಾಯಿ ನಾನು ಕಳಿಸಿದ್ದನ್ನು ಓದತೊಡಗಿದರು. ಮರಾಠಿಯಲ್ಲಿ ಖಾಂದಾ ಎಂದರೆ ಭುಜ, ಕಾಂದಾ ಎಂದರೆ ಉಳ್ಳಾಗಡ್ಡಿ. ನನ್ನ ನಾಲಿಗೆಯಿಂದ ಹೊರಟ ಭುಜ ಫೋನಿಗೆ ಮುಟ್ಟುವಷ್ಟರಲ್ಲಿ ಉಳ್ಳಾಗಡ್ಡಿಯಾಗಿತ್ತು. 'ಬಲಗಡೆಯ ಉಳ್ಳಾಗಡ್ಡಿ ಬಹಳ ಗಟ್ಟಿ. ಹದಿನೈದು ನಿಮಿಷ ತಿಕ್ಕಲಾಯಿತು. ಎಡಗಡೆಯ ಉಳ್ಳಾಗಡ್ಡಿಗೆ ಏನೂ ಆಗಿಲ್ಲ. ಉಳ್ಳಾಗಡ್ಡಿ ತಿಕ್ಕುವಾಗ ಪೇಶಂಟಿನ ಕಣ್ಣಲ್ಲಿ ನೀರು ಬಂತು.' ಹೀಗೆ ಹದಿನಾಲ್ಕು ದಿನ! ಭೂಮಿ ಬಾಯಿ ಬಿಡಬಾರದೇ ಅನಿಸಿತು. ಇದು ಚಿಕಿತ್ಸೆಯೋ ಅಡಿಗೆಯೋ ಎಂದು ಅವರಿಗೆ ಸಂಶಯ. ಕಡತ ಮುಚ್ಚುವುದಾಗಿ ಹೇಳಿದರು. ಆರು ಸಲ ಹೋದಂತೆಯೇ, ಕಾಕುವಿನ ತುರುಬೂ ಹೋದಂತೆಯೇ. ನಾನು ಗಾಬರಿಯಲ್ಲಿ "ಅದು ಕಾಂದಾ ಅಲ್ಲ ಬಾಯಿ, ಕಾಂದಾ, ಕಾಂದಾ!" ಎಂದು ತಿದ್ದಿದಷ್ಟೂ ಉಳ್ಳಾಗಡ್ಡಿಯ ರಾಶಿಯೇ ಬೆಳೆಯಿತು.

"ಪೇಶಂಟಿಗೆ ಕೊಡಿ" ಎಂದರು. ಕೊಟ್ಟೆ. ಕಾಕು ನನ್ನ ಪರವಾಗಿ ಸಾಕ್ಷಿ ಹೇಳಲು ಸೆರಗು ಸರಿಮಾಡಿಕೊಂಡು, ತಮ್ಮ ಮರಾಠಿಯಲ್ಲಿ, "ಹೋ ಬಾಯಿ, ಕಾಂದಾಚ! ಮಾಜಾ ಉಜವಾ ಕಾಂದಾ!" ಎಂದು, ಅಂದರೆ ಹೌದು, ನನ್ನ ಬಲಗಡೆಯ ಉಳ್ಳಾಗಡ್ಡಿಯೇ ಎಂದು, ಬಲ ಭುಜವನ್ನು ಎಡಗೈಯಿಂದ ಪಟಪಟ ಬಡಿದು ತೋರಿಸಿದರು. ಬಡಿದದ್ದು ಪುಣೆಗೆ ಹೇಗೆ ಕಾಣಬೇಕು? ಕೊನೆಗೆ ನನಗೆ ಬುದ್ಧಿ ಬಂದು ವಿಡಿಯೋ ಹಚ್ಚಿದೆ. ಕಾಕುವಿನ ಭುಜ ಕಂಡದ್ದೇ ತಡ, ಆ ಕಡೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಗು. ಅದು ಮುಗಿದ ಮೇಲೆ ಕೇಳಿದರು: "ಸರಿ, ಭುಜವೇ. ಆದರೆ ಗುಣ ಎಷ್ಟಾಗಿದೆ ಅಂತ ನೀವು ಒಂದು ಸಾಲೂ ಬರೆದಿಲ್ಲವಲ್ಲ?" ನಿಜ, ಬರೆದಿರಲಿಲ್ಲ. ಅಷ್ಟರಲ್ಲಿ ಕಾಕುವೇ ಬಾಯಿ ಹಾಕಿದರು.

"ಆ ಬಾಯಾರಿಗೆ ಹೇಳ್ರಿ ಡಾಕ್ಟರ್ರ. ಮೊದಲ್ನೇ ವಾರ ಕೈ ಗದ್ದಕ್ಕ ಬಂತು. ಆಮ್ಯಾಲ ಮೂಗುತಿಗಿ ಬಂತು. ಈಗ ಬೆಂಡೋಲಿ ಮಟಾ ಬಂದೈತಿ." ಕೈಯೆತ್ತಿ ಕಿವಿಯ ಬೆಂಡೋಲಿ ಮುಟ್ಟಿ ತೋರಿಸಿದರು. "ತುರುಬು ಇನ್ನ ನಾಕ ಬೆರಳ ದೂರ ಐತಿ. ನಾಕ ಬೆರಳಿಗಿ ಆರ ಸಲ ಕೇಳಿದ್ರ ಭಾಳ ಆತೇನ್ರಿ?"

ನಾನು ಮರಾಠಿಗಿಳಿಸಿದೆ, ಭುಜದ ಹೆಸರೆತ್ತದೆ. ಆ ಬಾಯಿ ಆರು ಸಲಕ್ಕೂ ಒಪ್ಪಿದರು. "ನಿಮಗಿಂತ ನಿಮ್ಮ ಪೇಶಂಟೇ ಚೆನ್ನಾಗಿ ವರದಿ ಬರೆಸುತ್ತಾರೆ" ಎಂದೂ ಹೇಳಿದರು. ಒಂದೇ ಶರತ್ತು: ಹದಿನಾಲ್ಕೂ ಹಾಳೆಗಳಲ್ಲಿ ಉಳ್ಳಾಗಡ್ಡಿಯನ್ನು ಹೊಡೆದುಹಾಕಿ, ಭುಜ ಎಂದು ಕೈಯಿಂದ ಬರೆದು, ಪ್ರತಿಯೊಂದಕ್ಕೂ ಸಹಿ ಮಾಡಿ ಕಳಿಸಬೇಕು. ಮಾಡಿದೆ. ಅಂದಿನಿಂದ ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಖಾಂದಾ, ಖಾಂದಾ ಎಂದು ಅಭ್ಯಾಸವನ್ನೂ ಶುರು ಮಾಡಿದೆ. ಕಾಕು ಮಂಚದ ಮೇಲಿಂದ, "ಗಾಳಿ ಬಂತೇನ್ರಿ ಡಾಕ್ಟರ್ರ?" ಎಂದು ದಿನಾ ವಿಚಾರಿಸುತ್ತಿದ್ದರು. ಐದನೆಯ ಸಲದ ದಿನ ಗಾಳಿ ಬಂತು. ಅದೇ ದಿನ ಕಾಕು ಎರಡೂ ಕೈ ಹಿಂದೆ ಒಯ್ದು, ಹಲ್ಲು ಕಚ್ಚಿ, ರಿಬ್ಬನ್ನು ಕಿತ್ತೊಗೆದು, ಕೂದಲು ಸುತ್ತಿ ತಮ್ಮ ತುರುಬು ತಾವೇ ಕಟ್ಟಿಕೊಂಡರು. ಸ್ವಲ್ಪ ಎಡಕ್ಕೆ ವಾಲಿತ್ತು, ಆದರೂ ಏನು ಚೆಂದ ಇತ್ತು ಅಂತೀರಿ! ನನಗೆ ಕುಣಿಯುವಷ್ಟು ಖುಷಿಯಾಯಿತು. ಕಣ್ಣಲ್ಲಿ ನೀರೂ ಬಂತು, ಅದನ್ನು ಯಾವ ಹಾಳೆಯಲ್ಲೂ ಬರೆಯಲಿಲ್ಲ.

ಅದೇ ಹುರುಪಿನಲ್ಲಿ ಸಂಜೆ ಸಂತೆಗೆ ಹೋದೆ. ಹೆಂಡತಿ ಉಳ್ಳಾಗಡ್ಡಿ ತರಲು ಹೇಳಿದ್ದಳು. ಅಂಗಡಿಯವನ ಮುಂದೆ ನಿಂತು, ಐದಾರು ದಿನದ ಅಭ್ಯಾಸವನ್ನೆಲ್ಲ ಒಟ್ಟುಗೂಡಿಸಿ, ಎದೆತುಂಬ ಗಾಳಿ ಎಳೆದು, "ಏಕ ಕಿಲೋ ಖಾಂದಾ ದ್ಯಾ!" ಎಂದೆ. ಅವನು ತಕ್ಕಡಿ ಕೆಳಗಿಟ್ಟು ತನ್ನ ಬಲ ಭುಜವನ್ನೊಮ್ಮೆ ನೋಡಿಕೊಂಡ.

"ಇದನ್ನ ಮಾರಂಗಿಲ್ರಿ ಡಾಕ್ಟರ್" ಎಂದ, ನನ್ನ ಗುರುತು ಹಿಡಿದು ಕನ್ನಡದಲ್ಲೇ. "ಆದ್ರ ಚೀಲ ಎತ್ತಿ ಎತ್ತಿ ಭಾಳ ನೋಯಾಕತ್ತೈತಿ. ನಾಳೆ ಕ್ಲಿನಿಕ್ಕಿಗಿ ತರ್ತೇನಿ, ನೀವ ನೋಡ್ರಿ."

ಮರುದಿನ ತಂದ. ಈ ಸಲ ಫೋನನ್ನು ನಂಬದೆ, ಕೈಯ ಎಣ್ಣೆ ಒರೆಸಿಕೊಂಡು, ಪೆನ್ನು ಹಿಡಿದು, ಒಂದೊಂದೇ ಅಕ್ಷರವನ್ನು ಜೋಪಾನವಾಗಿ ಬರೆದೆ. ಬರೆದಾದ ಮೇಲೆ ಹೆಮ್ಮೆಯಿಂದ ಓದಿಕೊಂಡೆ. 'ಉದ್ಯೋಗ: ಖಾಂದಾ ವ್ಯಾಪಾರ. ನೋವು: ಬಲಗಡೆಯ ಕಾಂದಾ.'